ಶ್ರಾವಣದ ನಾಲ್ಕು ಸೋಮವಾರ

ಬಡಿಯುತ್ತಿದ್ದ ರೊಟ್ಟಿ ಮೂರನೆಯ ಸಲವೂ ಅಂಚಿನಲ್ಲಿ ಸೀಳಿತು. ಶಿವಲಿಂಗವ್ವ ಅದನ್ನು ಮತ್ತೆ ಮುದ್ದೆ ಮಾಡಿ, ಬಿಸಿನೀರು ಚಿಮುಕಿಸಿ ನಾದತೊಡಗಿದಳು. ಬರೀ ಜೋಳದ ಹಿಟ್ಟಾಗಿದ್ದರೆ ಕಣ್ಣು ಮುಚ್ಚಿ ಬಡಿದರೂ ರೊಟ್ಟಿ ದುಂಡಗೆ ಏಳುತ್ತಿತ್ತು. ಈ ಸೋಯಾ ಬೆರೆತ ಹಿಟ್ಟು ಮಾತ್ರ ಹೇಳಿದ ಮಾತು ಕೇಳುವಂಥದ್ದಲ್ಲ.

"ಇವತ್ತೂ ಅದನ ಏನ?" ಪಡಸಾಲೆಯಿಂದ ಗಂಡ ಈರಯ್ಯನವರ ದನಿ ಬಂತು. "ವಾಸನಿ ಇಲ್ಲೀತನಕಾ ಬಂತು ನೋಡು."

"ಬರ್ಲಿ ಬಿಡ್ರಿ. ಮೂಗ ಹಿಡ್ಕೊಂಡ ತಿನ್ರಿ. ಕಾಲು ಬೇಕೋ ಬ್ಯಾಡೋ?"

ಕಾಲಿನ ಮಾತು ಬಂದರೆ ಈರಯ್ಯ ಗಪ್ಪಾಗುತ್ತಿದ್ದರು. ಆಗದೆ ಏನು ಮಾಡಿಯಾರು? ಅವರು ಜಂಗಮರು. ಬೆಳಗಾವಿಯ ಶಿವಬಸವ ನಗರದಲ್ಲಿ ಎರಡು ಕೋಣೆಯ ಮನೆ ಇತ್ತು ನಿಜ, ಆದರೆ ಅವರ ಬದುಕೆಲ್ಲ ಖಾನಾಪುರದ ಹದಿನೆಂಟು ಭಕ್ತರ ಮನೆಗಳಲ್ಲಿ. ಅಲ್ಲಿ ಕೂಸು ಹುಟ್ಟಿದರೆ ಲಿಂಗ ಕಟ್ಟಲು, ಹಿರಿಯರು ಹೋದರೆ ಸಮಾಧಿಯ ಕಾರ್ಯ ಮಾಡಲು ಇವರೇ ಬೇಕು. ಹೋದಲ್ಲೆಲ್ಲ ಮನೆಯವರು ಇವರ ಪಾದ ತೊಳೆದು, ಆ ನೀರನ್ನು ತೀರ್ಥವೆಂದು ತೆಗೆದುಕೊಂಡು, ಆಮೇಲೆ ಉಣ್ಣಲು ಬಡಿಸುತ್ತಿದ್ದರು. ಅಂಥ ಪಾದದ ಹೆಬ್ಬೆರಳಿಗೇ ಎಂಬತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಚಪ್ಪಲಿ ಕಚ್ಚಿ ಹುಣ್ಣಾಗಿತ್ತು. ತಿಂಗಳಾದರೂ ಮಾಯಲಿಲ್ಲ.

ಡಾಕ್ಟರ್ ಪದ್ಮಾಕರ ಮೂತ್ರವನ್ನು ನೀಲಿ ಔಷಧಿಯಲ್ಲಿ ಹಾಕಿ ಕಾಸಿ ತೋರಿಸಿದ್ದರು. ನೀಲಿ ಹೋಗಿ ಇಟ್ಟಂಗಿಯ ಕೆಂಪು ಬಂದಿತ್ತು.

"ಸಕ್ಕರಿ ಬ್ಯಾನಿರಿ ಅಯ್ಯಾರ. ಬೆಲ್ಲ, ಸಕ್ಕರಿ ಇವತ್ತಿಗೆ ಬಂದ್. ಗುಳಿಗಿ ಒಂದ ದಿನಾನೂ ತಪ್ಪಸಬ್ಯಾಡ್ರಿ." ಆಮೇಲೆ ಶಿವಲಿಂಗವ್ವನ ಕಡೆ ತಿರುಗಿ, "ತಾಯಿ, ಸೋಯಾ ಕಾಳು ಗೊತ್ತದ ಏನ್ರಿ? ಚಲೋತಂಗ ಹುರಿದು ಬೀಸಿ, ನಾಲ್ಕ ಪಾಲು ಜೋಳಕ್ಕ ಒಂದ ಪಾಲು ಕೂಡಸ್ರಿ. ಹೊಟ್ಟಿ ತುಂಬ್ತದ, ಸಕ್ಕರಿ ಸಾವಕಾಶ ಏರ್ತದ. ಖರೇ ಅದು ಔಷಧ ಅಲ್ಲ ಮತ್ತ, ಪಥ್ಯ. ಹಿಂಗ ಬಿಟ್ರ ಹುಣ್ಣು ಬೆರಳಿಗೆ ನಿಲ್ಲೂದಿಲ್ಲ, ಕಾಲ ತಗೀಬೇಕಾದೀತು" ಎಂದಿದ್ದರು.

ಕಾಲಿಲ್ಲದ ಜಂಗಮ! ಆ ಮಾತು ಶಿವಲಿಂಗವ್ವನ ಎದೆಯಲ್ಲಿ ಕೂತುಬಿಟ್ಟಿತು. ರವಿವಾರ ಪೇಟೆಯ ಒಂದೇ ಒಂದು ಅಂಗಡಿಯಲ್ಲಿ ಸಿಗುತ್ತಿದ್ದ ಆ ಕಾಳಿಗಾಗಿ ವಾರಕ್ಕೊಮ್ಮೆ ನಡೆದು ಹೋದಳು. ಹುರಿದಳು, ಬೀಸಿಸಿದಳು, ರೊಟ್ಟಿ ಬಡಿದಳು, ಗಂಡನ ಬೈಗುಳವನ್ನೂ ತಿಂದಳು. ಆಷಾಢ ಕಳೆಯುವ ಹೊತ್ತಿಗೆ ಡಾಕ್ಟರ ಗಾಜಿನ ನಳಿಗೆಯಲ್ಲಿ ಕೆಂಪು ಹೋಗಿ ಹಸಿರು ಕಾಣಿಸಿತು, ಸಕ್ಕರೆ ಇಳಿದಿತ್ತು. ಹುಣ್ಣಿನ ಅಂಚು ಒಣಗಿತು. ಅವತ್ತು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಕಂಡು ಡಾಕ್ಟರೇ ನಕ್ಕಿದ್ದರು.

ಅಷ್ಟರಲ್ಲಿ ಶ್ರಾವಣ ಬಂತು. ಶ್ರಾವಣ ಅಂದರೆ ಖಾನಾಪುರದಲ್ಲಿ ದಿನಕ್ಕೊಂದು ಮನೆ, ಸೋಮವಾರವಂತೂ ದೊಡ್ಡ ಊಟ. ಹುಗ್ಗಿ, ಹೋಳಿಗೆ, ಸಜ್ಜಕ. ರೊಟ್ಟಿ ಕಟ್ಟಿಕೊಡುತ್ತೇನೆ ಅಂದದ್ದಕ್ಕೆ ಈರಯ್ಯ ಕೆಂಡವಾದರು.

"ಭಕ್ತರ ಮನ್ಯಾಗ ಕುಂತು ನನ್ನ ಗಂಟು ನಾ ಬಿಚ್ಚಿ ತಿನ್ಲೇನ? ಅವರ ನೀಡಿದ್ದನ್ನ ಮುಟ್ಟಲಿಲ್ಲಂದ್ರ ಅವರ ಮಾರಿ ಏನಾದೀತು?"

"ಹಂಗಾದ್ರ ಬ್ಯಾನಿ ಐತಿ ಅಂತ ಹೇಳ್ರಿ."

"ಹುಚ್ಚಿ. ಹುಣ್ಣಿನ ಕಾಲು ಯಾರ ತೊಳೀತಾರ? ಆ ನೀರು ಯಾರ ಕುಡೀತಾರ?"

ಗಂಡ ಹುಣ್ಣಿನ ಮೇಲೆ ವಿಭೂತಿ ಕಲಸಿ ದಪ್ಪಗೆ ಮೆತ್ತಿಕೊಳ್ಳುವುದನ್ನು ಶಿವಲಿಂಗವ್ವ ಸುಮ್ಮನೆ ನೋಡಿದಳು. ಆದರೆ ಸುಮ್ಮನೆ ಕೂರುವ ಹೆಂಗಸಲ್ಲ. ಮರುದಿನವೇ ನಾಲ್ಕು ಸೇರು ಸೋಯಾ ಕಾಳು ಚೀಲಕ್ಕೆ ತುಂಬಿ, ಗಂಡನಿಗೆ ಹೇಳದೆ ಖಾನಾಪುರದ ಬಸ್ಸು ಹತ್ತಿದಳು.

ಹದಿನೆಂಟು ಮನೆಗಳಿಗೂ ಹಿರಿಯಳೆಂದರೆ ಅಕ್ಕಿ ವ್ಯಾಪಾರಿ ದುಂಡಪ್ಪನ ಹೆಂಡತಿ ಬಾಳವ್ವ. ಆಕೆ ಚೀಲ ನೋಡಿ ಗಾಬರಿಯಾದಳು.

"ಇದೇನ್ರಿ ಅಮ್ಮಾರ, ನೀವ ಹೊತ್ಕೊಂಡ ಬಂದೀರಿ? ಅಯ್ಯಾರಿಗೆ ಆರಾಮ ಇಲ್ಲೇನ್ರಿ?"

ನಿಜ ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಂದು ಉಸಿರು ಬಿಟ್ಟಿದ್ದರೆ ಹೇಳಿಯೇ ಬಿಡುತ್ತಿದ್ದಳು. ಗೋಡೆಗೆ ಒರಗಿಸಿಟ್ಟ ಪಾದ ತೊಳೆಯುವ ಹಿತ್ತಾಳೆಯ ಪರಾತ ಕಣ್ಣಿಗೆ ಬಿತ್ತು, ನಾಲಿಗೆ ಹೊರಳಿತು.

"ಛೇ ಛೇ, ಹಂಗೇನಿಲ್ಲವ್ವ. ಜರಾ ನಿತ್ರಾಣ. ಈ ಸೋಯಾ ತಿಂದ್ರ ಶಕ್ತಿ ಬರ್ತದಂತ ಡಾಕ್ಟರು ಹೇಳ್ಯಾರ. ಹುರಿದು ಬೀಸಬೇಕು ನೋಡು. ಅಯ್ಯಾರಿಗೆ ಇದರಾಗ ಏನರೆ ಮಾಡಿ ನೀಡ."

"ಅಯ್ಯ, ಅಷ್ಟ ಏನ್ರಿ! ನಾ ನೋಡ್ಕೋತೀನಿ ಬಿಡ್ರಿ" ಎಂದು ಬಾಳವ್ವ ಚೀಲವನ್ನು ಎರಡೂ ಕೈಯಿಂದ ತೆಗೆದುಕೊಂಡು ದೇವರ ಕೋಣೆಯಲ್ಲಿಟ್ಟಳು. ಶಿವಲಿಂಗವ್ವ ಹಗುರಾಗಿ ಮನೆಗೆ ಬಂದಳು.

ಮೊದಲ ಸೋಮವಾರ ಈರಯ್ಯ ಖುಷಿಯಿಂದ ಹಿಂದಿರುಗಿದರು. "ನೋಡಲೇ, ಬಾಳವ್ವನೂ ಸೋಯಾನ ಮಾಡಿದ್ಲು. ಆಕಿ ಕೈಯಾಗ ಎಷ್ಟ ಚಲೋ ಆಗಿತ್ತು ಅಂತಿ!" ಎರಡನೆಯ ವಾರ ನಾಲ್ಕು ಮನೆಗಳಲ್ಲಿ ಸೋಯಾ. ಮೂರನೆಯ ವಾರ ಹೋದ ಮನೆಯಲ್ಲೆಲ್ಲ ಅದೇ. "ಪಥ್ಯ ಹಿಂಗಿದ್ರ ನೂರು ವರ್ಷ ಮಾಡ್ತೀನಿ" ಎಂದು ಅವರು ನಗುತ್ತಿದ್ದರೆ, ಶಿವಲಿಂಗವ್ವ ತನ್ನ ಜಾಣತನಕ್ಕೆ ತಾನೇ ಬೆನ್ನು ಚಪ್ಪರಿಸಿಕೊಂಡಳು. ಹೇಗೆ ಮಾಡಿದ್ದರು ಅಂತ ಒಮ್ಮೆಯೂ ಕೇಳಲಿಲ್ಲ. ಅವರೂ ಹೇಳಲಿಲ್ಲ. ಶ್ರಾವಣ ಮುಗಿಯಲಿ ಎಂದು ಡಾಕ್ಟರ ಕಡೆಗೂ ಹೋಗಲಿಲ್ಲ. ನೀರು ಕುಡಿಯಲು ಅವರು ಹತ್ತು ಸಲ ಏಳುತ್ತಿದ್ದುದನ್ನು ಕಂಡರೂ ತಿರುಗಾಟದ ದಾಹವೆಂದುಕೊಂಡಳು.

ಕಡೆಯ ಸೋಮವಾರ ದಂಪತಿಯನ್ನು ಕೂಡಿಯೇ ಕರೆದಿದ್ದರು. ಈರಯ್ಯನವರಿಗೆ ಹಿಂದಿನ ದಿನದಿಂದ ಮೈ ಸುಡುತ್ತಿತ್ತು. ಬಿಡಿ ಅಂದರೆ ಬಿಟ್ಟಾರೆಯೇ? ಬಸ್ಸಿಳಿದು ಕುಂಟುತ್ತಲೇ ನಡೆದರು.

ಬಾಳವ್ವನ ಅಡುಗೆಮನೆಗೆ ಕಾಲಿಟ್ಟ ಶಿವಲಿಂಗವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಒರಳಿನಲ್ಲಿ ಬೇಯಿಸಿದ ಸೋಯಾ ಕಾಳು, ಅದರ ಜೊತೆಗೆ ಕುಟ್ಟಿದ ಬೆಲ್ಲದ ಗುಡ್ಡೆ. ರುಬ್ಬುತ್ತಿದ್ದ ಬಾಳವ್ವನ ಮೊಳಕೈವರೆಗೂ ಹೂರಣ. ತಾಟಿನಲ್ಲಿ ತುಪ್ಪ ಸೋರುವ ಸೋಯಾ ಉಂಡಿಗಳು.

"ಬೆಲ್ಲ... ಬೆಲ್ಲ ಹಾಕ್ತೀ ಏನವ್ವ ಇದಕ್ಕ?"

"ಮತ್ತ? ಅಯ್ಯಾರಿಗೆ ಬರೀ ಸಪ್ಪನ ರೊಟ್ಟಿ ಬಡದ ಹಾಕಾಕ ನಮಗೇನ ಬಂದೈತ್ರಿ?" ಬಾಳವ್ವನ ಮುಖ ಅರಳಿತ್ತು. "ಹದಿನೆಂಟೂ ಮನಿಗೆ ನಾನ ಹೋಗಿ ಕಾಳು ಹಂಚಿ ಹೇಳೀನ್ರಿ. ಒಂದಿನ ಹುಗ್ಗಿ, ಒಂದಿನ ಉಂಡಿ, ಒಂದಿನ ಹೋಳಿಗಿ. ಒಬ್ರೂ ತಪ್ಪಿಲ್ಲ."

ಶಿವಲಿಂಗವ್ವ ಬೆಲ್ಲದ ಗುಡ್ಡೆಯತ್ತ ಕೈ ಚಾಚಿದಳು. ಏನಾದರೂ ಹೇಳುವಷ್ಟರಲ್ಲಿ ಹೊರಗಿನಿಂದ ದುಂಡಪ್ಪ ಕೂಗಿದ. ಪಾದಪೂಜೆಗೆ ಹೊತ್ತಾಗಿತ್ತು.

ಈರಯ್ಯ ಮಣೆಯ ಮೇಲೆ ಕೂತು ಪರಾತದಲ್ಲಿ ಪಾದವಿಟ್ಟರು. ಬಾಳವ್ವ ಬಿಸಿನೀರು ಹಾಕಿದಳು. ಕೈಯಿಂದ ಮೆಲ್ಲಗೆ ತೊಳೆದಳು. ವಿಭೂತಿ ಕರಗಿ ನೀರು ಬೆಳ್ಳಗಾಯಿತು. ಕೆಳಗಿನಿಂದ ಹೆಬ್ಬೆರಳು ಕಾಣಿಸಿತು, ಕರ್ರಗೆ. ಅದರ ಕಪ್ಪು ಪಾದದ ನಡುವಿನವರೆಗೂ ಹತ್ತಿತ್ತು. ಶಿವಲಿಂಗವ್ವ ಕಣ್ಣು ಮುಚ್ಚಿಕೊಂಡಳು. ಈಗ ಚೀರುತ್ತಾರೆ, ಈಗ ಎಲ್ಲರೂ ಎದ್ದು ಹೋಗುತ್ತಾರೆ.

ಯಾರೂ ಚೀರಲಿಲ್ಲ. ಕಣ್ಣು ಬಿಟ್ಟಾಗ ಬಾಳವ್ವ ಬೊಗಸೆಯ ನೀರು ಕುಡಿದು, ಉಳಿದದ್ದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಹಿಂದೆ ದುಂಡಪ್ಪ. ಅವನ ಹಿಂದೆ ಸೊಸೆಯಂದಿರು.

ಗಂಗಾಳದಲ್ಲಿ ಹೋಳಿಗೆ ಬಿದ್ದಾಗ ಶಿವಲಿಂಗವ್ವನಿಗೆ ತಡೆಯಲಾಗಲಿಲ್ಲ.

"ನೀಡಬ್ಯಾಡ್ರವ್ವ! ಅವರಿಗೆ ಸಕ್ಕರಿ ಬ್ಯಾನಿ ಐತಿ. ಬೆಲ್ಲ ಅವರಿಗೆ ವಿಷ. ಆ ಹುಣ್ಣು... ನಾ ಸುಳ್ಳ ಹೇಳಿದ್ನಿ."

ಬಾಳವ್ವನ ಕೈ ಗಾಳಿಯಲ್ಲೇ ನಿಂತಿತು.

"ಹುಣ್ಣು ಮೊದಲನೇ ಸೋಮವಾರನ ಕಂಡಿತ್ರಿ ಅಮ್ಮಾರ" ಎಂದಳು ನಿಧಾನಕ್ಕೆ. "ಅಯ್ಯಾರು ಮುಚ್ಚಿಟ್ಕೊಂಡಾರ, ನಾವ್ಯಾಕ ಕೇಳಬೇಕು ಅಂತ ಸುಮ್ಕಿದ್ವಿ. ಲಗೂನ ಮಾಯ್ಲಿ ಅಂತ ತುಪ್ಪ ಬೆಲ್ಲ ಜಾಸ್ತಿ ಹಾಕಿದ್ವಿ." ಹೋಳಿಗೆಯ ತಾಟು ಕೆಳಗಿಟ್ಟಳು. "ಒಂದ ಮಾತು ಹೇಳಬಾರದಿತ್ತೇನ್ರಿ? ನಮ್ಮನ್ನ ಏನ ಅಂತ ತಿಳದ್ರಿ?"

ಬಾಳವ್ವ ಹೋಳಿಗೆ ತೆಗೆಯಲು ಬಗ್ಗಿದಳು. ಈರಯ್ಯ ಗಂಗಾಳದ ಮೇಲೆ ಕೈ ಅಡ್ಡ ಇಟ್ಟರು. ಹೆಂಡತಿಯ ಕಡೆ ನೋಡಲಿಲ್ಲ.

"ಬೆಲ್ಲ ಅಂತ ನನ್ನ ನಾಲಗಿಗೆ ಗೊತ್ತಿರಲಿಲ್ಲೇನವ್ವ? ಸೋಯಾ ಐತೆಲ್ಲ, ನಡೀತದ ಅಂತ ತಿಂದೆ. ತಪ್ಪು ನಂದು. ನೀಡಿದ ಪ್ರಸಾದ ತಿರುಗಿ ತಗೀಬಾರದು."

ಜ್ವರದಲ್ಲಿ ನಡುಗುತ್ತಲೇ ಒಂದು ಅಗುಳೂ ಬಿಡದೆ ಉಂಡರು. ಗಂಗಾಳ ತೊಳೆದ ನೀರನ್ನೂ ಕುಡಿದರು. ಅವರ ಪಂಥದ ಕ್ರಮವೇ ಅದು.

ಶುಕ್ರವಾರ ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ಮೊಣಕಾಲ ಕೆಳಗೆ ಕಾಲು ತೆಗೆದರು. ಮರುದಿನ ಬೆಳಿಗ್ಗೆ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಶಿವಲಿಂಗವ್ವನ ಕೈಗೆ ಕೊಟ್ಟರು. ಎಳೆಗೂಸಿನಷ್ಟು ಭಾರವಿತ್ತು. ಟಾಂಗಾದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ರುದ್ರಭೂಮಿಗೆ ಹೋದಳು. ಪಕ್ಕದಲ್ಲಿ ಬಾಳವ್ವ. ದುಂಡಪ್ಪ ಸಣ್ಣ ಕುಣಿ ತೋಡಿಸಿದ್ದ. ಮಣ್ಣು ಹಾಕುವ ಮುಂಚೆ ಬಾಳವ್ವ ಬಟ್ಟೆ ಬಿಚ್ಚಿಸಿ, ತಂಬಿಗೆಯ ನೀರಿನಿಂದ ಪಾದ ತೊಳೆದಳು. "ನನ್ನ ಕೈಯಾರೆ ಮಾಡಿದ್ನೆಲ್ಲೋ ಶಿವನ" ಎಂದು ಅಲ್ಲೇ ಕುಸಿದಳು. ಶಿವಲಿಂಗವ್ವನಿಗೆ ಅಳು ಕೂಡ ಬರಲಿಲ್ಲ. ಒಂದೇ ಒಂದು ಮಾತು ನಾಲಿಗೆಯ ತುದಿಯಿಂದ ನುಂಗಿದವಳು ತಾನು. ಅದು ಇನ್ನು ಸಾಯುವತನಕ ಗಂಟಲಲ್ಲೇ ಇರುತ್ತದೆ.

ವಾರ್ಡಿಗೆ ಮರಳಿದಾಗ ಈರಯ್ಯ ಎಚ್ಚರವಾಗಿದ್ದರು. ಹೊದಿಕೆ ಒಂದು ಬದಿಗೆ ಚಪ್ಪಟೆಯಾಗಿ ಮಲಗಿತ್ತು.

"ಬಾಳವ್ವ ಬಂದಿದ್ಲೇನ?"

"ಹೂಂನ್ರಿ."

"ದೂರದಿಂದ ಬಂದಾಳ. ಉಂಡ್ಲೇನ ಆಕಿ?"

ಶಿವಲಿಂಗವ್ವ ಕಿಟಕಿಯಿಂದ ಕೆಳಗೆ ನೋಡಿದಳು. ದವಾಖಾನೆಯ ಮೆಟ್ಟಿಲ ಮೇಲೆ, ಬರುವವರು ಹೋಗುವವರ ನಡುವೆ, ಬಾಳವ್ವ ಮಣ್ಣಾದ ಕೈಗಳನ್ನು ಇನ್ನೂ ತೊಳೆಯದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಉಂಡ್ಲರಿ" ಎಂದಳು ಶಿವಲಿಂಗವ್ವ.