ಮೇಲಿನ ಗಾಳಿ

ಆಕೆಯ ತಮ್ಮ ಗಾಳಿಯ ವೇಗ ತೋರಿಸುವ ಆ ಪೆಟ್ಟಿಗೆಯನ್ನು ಗೋಡೆಯಿಂದ ಕಿತ್ತು, ಬೋರಲು ಮಾಡಿ, ಬೆನ್ನಿನ ಮುಚ್ಚಳಕ್ಕೆ ಉಗುರು ಹಾಕಿ ಎಬ್ಬುತ್ತಿದ್ದ. ಪೆಟ್ಟಿಗೆ ಒಂದೇ ಸಮನೆ ಕೀಂ ಕೀಂ ಎಂದು ಹೊಡೆದುಕೊಳ್ಳುತ್ತಿತ್ತು. ಅದೇ ನಡುಮನೆಯಲ್ಲಿ, ಬಿಳಿ ಹೊದಿಕೆಯ ಕೆಳಗೆ, ಆಕೆಯ ಗಂಡ ಮಲಗಿದ್ದ. ಹಿಂದಿನ ದಿನ ಕುರ್ಚಿಯಲ್ಲಿ ಕೂತವನು ಕೂತಂತೆಯೇ ಹೋಗಿಬಿಟ್ಟಿದ್ದ. ಸುತ್ತ ಕೂತು ಅಳುತ್ತಿದ್ದವರು ಅಳು ನಿಲ್ಲಿಸಿ, ಯಾರ ಮುಖ ನೋಡುವುದೆಂದು ತಿಳಿಯದೆ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಸಾವಿನ ಮನೆಯಲ್ಲಿ ಇದೆಂಥ ಕೂಗು, ಮೊದಲು ಅದರ ಬಾಯಿ ಮುಚ್ಚಿಸಿ ಎಂದು ಚಿಕ್ಕಮ್ಮ ಗೊಣಗಿದಳು.

ಆಕೆ ಗಂಡನ ಕಾಲ ಬಳಿಯಿಂದ ಎದ್ದು ಬಂದು ಕೈ ಚಾಚಿದಳು.

"ಕೊಡು ಇಲ್ಲಿ."

"ಬ್ಯಾಟರಿ ತೆಗೆದು ಕೊಡ್ತೀನಿ ಅಕ್ಕ. ಎಲ್ಲರಿಗೂ ತಲೆ ಚಿಟ್ಟು ಹಿಡೀತಿದೆ."

"ತೆಗೀಬೇಡ. ಕೊಡು."

ತಮ್ಮ ಕೊಟ್ಟ. ಆಕೆ ಪಕ್ಕದ ಗುಂಡಿ ಒತ್ತಿದಳು. ಕೂಗು ನಿಂತಿತು, ಆದರೆ ಪರದೆಯ ಮೇಲೆ ಗಾಳಿಯ ಅಂಕಿ ಮಿನುಗುತ್ತಲೇ ಇತ್ತು. ತಾರಸಿಯ ಮೇಲಿನ ಕಂಬದಲ್ಲಿ ಗಾಳಿ ಅಳೆಯುವ ಬಟ್ಟಲುಗಳು ಗಿರಗಿರ ಸುತ್ತುತ್ತಿರಬೇಕು. ಕಿಟಕಿಯಾಚೆ, ರಸ್ತೆಯ ಆ ಬದಿಗೆ, ತಮ್ಮ ಗುತ್ತಿಗೆ ಹಿಡಿದಿದ್ದ ಕಟ್ಟಡದ ಮೇಲೆ ಹಳದಿ ಕ್ರೇನಿನ ಉದ್ದ ತೋಳು ಕಾಂಕ್ರೀಟಿನ ಬಕೆಟ್ಟು ನೇತುಹಾಕಿಕೊಂಡು ತಿರುಗುತ್ತಿತ್ತು. ಬಕೆಟ್ಟು ಗಡಿಯಾರದ ಲೋಲಕದಂತೆ ಓಲಾಡುತ್ತಿತ್ತು.

ಇವತ್ತೂ ಕೆಲಸ ನಡೀತಿದೆಯಾ ಎಂದು ಆಕೆ ಕೇಳಿದಳು. ತಮ್ಮ ಸಣ್ಣಗೆ ಮಾಡಿಕೊಂಡ ದನಿಯಲ್ಲಿ ವಿವರಿಸಿದ: ಸ್ಲ್ಯಾಬು ಶುರುವಾಗಿಬಿಟ್ಟಿದೆ, ಲಾರಿಗಳು ಸಾಲುಗಟ್ಟಿವೆ, ನಡುವೆ ನಿಲ್ಲಿಸುವ ಹಾಗಿಲ್ಲ. ಅಲ್ಲಿಯದೆಲ್ಲ ಬಿಟ್ಟು ತಾನು ಬೆಳಿಗ್ಗೆಯಿಂದ ಇಲ್ಲೇ ಇಲ್ಲವೇ? ಅದು ನಿಜ. ಕುರ್ಚಿ, ಹೂವು, ಗಾಡಿ ಎಲ್ಲ ಅವನದೇ ಓಡಾಟ. ಮಕ್ಕಳಿಲ್ಲದ ಮನೆಯಲ್ಲಿ ಮಗನ ಜಾಗಕ್ಕೆ ಅವನೇ ನಿಂತಿದ್ದ. ಇವನು ಇಲ್ಲದಿದ್ದರೆ ನಿನ್ನ ಗತಿಯೇನು ಎಂದು ಚಿಕ್ಕಮ್ಮ ಆಗಲೇ ಎರಡು ಸಲ ಅಂದಾಗಿತ್ತು.

* * *

ಗಂಡ ಟವರ್ ಕ್ರೇನ್ ಓಡಿಸುತ್ತಿದ್ದವನು. ಕಪಾಟಿನಷ್ಟಗಲದ ಗಾಜಿನ ಗೂಡು, ಅದಕ್ಕೆ ನೆಟ್ಟಗಿನ ಏಣಿಯೇ ದಾರಿ. ಹತ್ತಿದರೆ ಊಟಕ್ಕೂ ಇಳಿಯುತ್ತಿರಲಿಲ್ಲ, ಬುತ್ತಿಯೇ ಹಗ್ಗ ಹಿಡಿದು ಮೇಲೇರುತ್ತಿತ್ತು. ಭಾವ ಮೇಲೆ, ಬಾಮೈದ ಕೆಳಗೆ, ನಡುವೆ ಒಂದು ವಾಕಿಟಾಕಿ. ವರ್ಷಗಳ ಕಾಲ ಸಲೀಸಾಗಿಯೇ ನಡೆಯಿತು.

ಕ್ರೇನಿನ ತುದಿಯ ಗಾಳಿಮಾಪಕ ಕೆಟ್ಟಿತು. ಹಾಕಿಸ್ತೀನಿ, ಹಾಕಿಸ್ತೀನಿ ಎಂದು ತಮ್ಮ ದಿನ ದೂಡಿದ. ಒಂದು ಮಧ್ಯಾಹ್ನ ಅಗಲಗಲ ಸೆಂಟ್ರಿಂಗ್ ಹಲಗೆಗಳ ಕಟ್ಟನ್ನು ಎತ್ತಬೇಕಾಗಿತ್ತು. ಗಂಡ ಕೊಕ್ಕೆಯನ್ನು ಬರಿದಾಗಿ ಮೇಲೆಳೆದುಕೊಂಡು ಏಣಿಯಿಳಿದು ಬಂದ. ಮೇಲೆ ಗಾಳಿ ಜೋರಿದೆ, ಹಲಗೆಗೆ ಹೊಡೆದರೆ ಗಾಳಿಪಟವಾಗುತ್ತದೆ, ಎತ್ತುವುದಿಲ್ಲ ಎಂದ.

"ಇಲ್ಲಿ ಒಂದು ಎಲೆ ಅಲ್ಲಾಡ್ತಿಲ್ಲ ಭಾವ," ಎಂದ ತಮ್ಮ, ಎಲ್ಲ ಕೆಲಸಗಾರರ ಎದುರಿಗೆ.

"ನಾನು ಕೂರೋದು ಇಲ್ಲಿ ಅಲ್ಲ."

ತಮ್ಮ ಬೇರೊಬ್ಬನನ್ನು ಕರೆಸಿ ಅದೇ ಕಟ್ಟನ್ನು ಎತ್ತಿಸಿದ. ಏನೂ ಆಗಲಿಲ್ಲ. ಹಲಗೆ ಸರಿಯಾಗಿ ಹೋಗಿ ಕೂರಬೇಕಾದಲ್ಲಿ ಕೂತಿತು. ಅದೇ ಎಲ್ಲಕ್ಕಿಂತ ಕೆಟ್ಟದ್ದಾಯಿತು. ಗಂಡನ ಕೆಲಸ ಹೋಯಿತು. ಜೊತೆಗೆ ಅಂಜುಬುರುಕ ಎಂಬ ಹೆಸರು ಕಟ್ಟಡದಿಂದ ಕಟ್ಟಡಕ್ಕೆ ಹಬ್ಬಿ, ಯಾವ ಗುತ್ತಿಗೆದಾರನೂ ಅವನನ್ನು ಮತ್ತೆ ಏಣಿ ಹತ್ತಿಸಲಿಲ್ಲ.

ಆಕೆಗೂ ಸಿಟ್ಟು ಬಂದಿತ್ತು, ತಮ್ಮನ ಮೇಲಲ್ಲ, ಗಂಡನ ಮೇಲೆ. ಒಂದು ಮಾತು, ತಪ್ಪಾಯ್ತು ಅಂದುಬಿಡಿ, ಎಲ್ಲ ಸರಿಹೋಗುತ್ತದೆ ಎಂದು ಗೋಗರೆದಳು. ಚಿಕ್ಕಮ್ಮ ಸಂಧಾನಕ್ಕೆ ಬಂದಳು. ಗಂಡ ಇಬ್ಬರಿಗೂ ಒಂದೇ ಉತ್ತರ ಕೊಟ್ಟ.

"ಏನೂ ಆಗಲಿಲ್ಲ ಅಂದ್ರೆ ಗಾಳಿ ಇರಲಿಲ್ಲ ಅಂತಲ್ಲ."

ಆಕೆ ಮುಖ ತಿರುಗಿಸಿಕೊಂಡು ಹೊಲಿಗೆ ಮಿಷನ್ನಿನ ಮುಂದೆ ಕೂತವಳು ವಾರಗಟ್ಟಲೆ ಅವನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಅವನು ಒಂದು ಗೋದಾಮಿನಲ್ಲಿ ಸರಕು ಎತ್ತಿಡುವ ಗಾಡಿ ಓಡಿಸಲು ಸೇರಿಕೊಂಡ. ಆಕಾಶದಲ್ಲಿ ಕೂರುತ್ತಿದ್ದವನಿಗೆ ಕಿಟಕಿಯೂ ಇಲ್ಲದ ಜಾಗ.

* * *

ಆಮೇಲೆ ಒಂದು ರಜಾದಿನ ಅವನು, ನಡಿ, ಒಂದು ಸಾಮಾನು ತರೋದಿದೆ ಎಂದು ಆಕೆಯನ್ನು ಹೊರಡಿಸಿದ. ಅಂಗಡಿಯಾತ ಮೊದಲು ತೋರಿಸಿದ್ದು ಬಣ್ಣದ ಪರದೆಯ ಯಂತ್ರ. ಅದರಲ್ಲಿ ಮೋಡ ತೇಲುತ್ತಿತ್ತು, ಸೂರ್ಯ ನಗುತ್ತಿದ್ದ. ಇದು ಗಾಳಿ ಅಳೆಯುತ್ತದೆಯೇ ಎಂದು ಗಂಡ ಕೇಳಿದ. ಇಲ್ಲ, ನಾಳೆಯ ಹವಾಮಾನವನ್ನು ಎಲ್ಲಿಂದಲೋ ತರಿಸಿಕೊಂಡು ಹೇಳುತ್ತದೆ ಎಂದ ಅಂಗಡಿಯಾತ. ಯಾರೋ ಹೇಳಿದ್ದನ್ನು ಹೇಳುವುದಕ್ಕೆ ಇದೇ ಬೇಕೇ, ನನ್ನ ತಲೆಯ ಮೇಲೆ ಈಗ ಬೀಸುತ್ತಿರುವುದನ್ನು ಹೇಳುವಂಥದು ಕೊಡಿ ಎಂದು ಗಂಡ ಪಟ್ಟುಹಿಡಿದ.

ಕೊನೆಗೆ ಒಳಗಿನಿಂದ ಇನ್ನೊಂದು ಬಂತು. ದಿಕ್ಕು ತೋರಿಸಲು ಬಾಲ, ಗಾಳಿಗೆ ಸುತ್ತುವ ಮೂರು ಬಟ್ಟಲು, ಮಳೆ ಹಿಡಿಯಲು ಡಬ್ಬಿ, ಒಳಗೆ ಗೋಡೆಗೆ ತೂಗುಹಾಕಲು ದೊಡ್ಡ ಅಂಕಿಗಳ ಒಂದು ಮಂಕು ಪೆಟ್ಟಿಗೆ. ನಡುವೆ ತಂತಿ ಬೇಕಿಲ್ಲ. ಬಯಲಲ್ಲಿ ಬಹು ದೂರಕ್ಕೆ ಮುಟ್ಟುತ್ತದೆ ಎಂದು ಡಬ್ಬದ ಮೇಲೆ ಬರೆದಿತ್ತು. ನಾವು ಬಯಲಲ್ಲಿ ಸಂಸಾರ ಮಾಡ್ತಿಲ್ಲವಲ್ಲ, ಕಾಂಕ್ರೀಟ್ ದಾಟುತ್ತದೋ ನೋಡೋಣ ಎಂದು ಗಂಡ ಆಕೆಯ ಕೈಗೆ ಪೆಟ್ಟಿಗೆ ಕೊಟ್ಟು ಅಂಗಡಿಯ ನೆಲಮಾಳಿಗೆಗೆ ಇಳಿಸಿದ. ತಾನು ಬಾಗಿಲಲ್ಲಿ ನಿಂತು, ಕೆನ್ನೆಯುಬ್ಬಿಸಿ ಬಟ್ಟಲುಗಳಿಗೆ ಊದಿದ. ಆಕೆ ಕೆಳಗಿನಿಂದ ಅಂಕಿ ಕೂಗಿ ಹೇಳಬೇಕು. ಗ್ರಾಹಕರೆಲ್ಲ ನಿಂತು ನೋಡಿದರು. ಕೆಲಸ ಹೋದ ಮೇಲೆ ಆಕೆ ಮೊದಲ ಸಲ ನಕ್ಕದ್ದು ಅಲ್ಲೇ, ರಟ್ಟಿನ ಪೆಟ್ಟಿಗೆಗಳ ನಡುವೆ, ಒಬ್ಬಳೇ.

ತಾರಸಿಯಲ್ಲಿ ಮೊದಲು ನೀರಿನ ಟ್ಯಾಂಕಿನ ಪಕ್ಕ ಕಂಬ ನಿಲ್ಲಿಸಿದ. ಬಟ್ಟಲುಗಳು ಮನಸ್ಸಿದ್ದರೆ ತಿರುಗಿದವು, ಇಲ್ಲದಿದ್ದರೆ ಇಲ್ಲ. ಯಂತ್ರವೇ ಸರಿಯಿಲ್ಲವೆಂದು ಅವನು ತಲೆ ಕೆರೆದುಕೊಳ್ಳುತ್ತಿದ್ದಾಗ ಆಕೆ, ಟ್ಯಾಂಕಿನ ಮರೆಯಲ್ಲಿ ಒಗೆದ ಬಟ್ಟೆಯೂ ಅಲ್ಲಾಡುವುದಿಲ್ಲ, ಆ ಮೂಲೆಗೆ ಹಾಕಿದರೆ ದಿಂಬಿನ ಚೀಲ ಪಕ್ಕದ ಬೀದಿಯಲ್ಲಿ ಸಿಗುತ್ತದೆ ಎಂದಳು. ಕಂಬ ಆ ಮೂಲೆಗೆ ಹೋಯಿತು. ರಸ್ತೆಯಾಚೆಯ ಕ್ರೇನು ಇನ್ನೂ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿ ಇದಕ್ಕಿಂತ ಜಾಸ್ತಿ ಎಂದು ಗಂಡ ಲೆಕ್ಕ ಹಾಕಿ, ಒಂದು ಮಿತಿ ಗೊತ್ತುಮಾಡಿ, ಅದು ದಾಟಿದರೆ ಪೆಟ್ಟಿಗೆ ಕೂಗುವಂತೆ ಮಾಡಿಟ್ಟ.

ಅದು ಕೂಗುತ್ತಿದ್ದದ್ದು ಕೊಕ್ಕರೆಗಾಗಿ. ಉದ್ದ ಕಾಲು, ಉದ್ದ ಕತ್ತಿನ ಆತನಿಗೆ ಆ ಹೆಸರು ಇಟ್ಟವನೂ ಗಂಡನೇ. ಕ್ರೇನಿನ ಕೆಳಗೆ ನಿಂತು ಸನ್ನೆ ಮಾಡುತ್ತಿದ್ದವನಿಗೆ ಓಡಿಸಲು ಕಲಿಸಿದ್ದೂ ಅವನೇ. ಈಗ ಗಾಜಿನ ಗೂಡಿನಲ್ಲಿ ಕೂರುತ್ತಿದ್ದವನು ಕೊಕ್ಕರೆ. ಮಾಪಕ ಇನ್ನೂ ಕೆಟ್ಟೇ ಇತ್ತು. ಭಾವನ ಫೋನು ತೆಗೆದರೆ ಕೆಲಸವಿಲ್ಲ ಎಂದು ತಮ್ಮ ಕೊಕ್ಕರೆಗೆ ಎಚ್ಚರಿಸಿದ್ದ. ಹಾಗಾಗಿ ಕೊಕ್ಕರೆ ತೆಗೆಯುತ್ತಿರಲಿಲ್ಲ. ಪೆಟ್ಟಿಗೆ ಕೂಗಿದರೆ ಆಕೆ ಗೋದಾಮಿಗೆ ಫೋನು ಮಾಡುವಳು, ಗಂಡ ಕೊಕ್ಕರೆಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುವನು, ಕೊಕ್ಕರೆ ಹೊಟ್ಟೆ ಸರಿಯಿಲ್ಲವೆಂದು ಇಳಿದುಬಿಡುವನು. ಗಾಳಿ ತಗ್ಗಿದ ಮೇಲೆ ಹೊಟ್ಟೆಯೂ ಸರಿಹೋಗುತ್ತಿತ್ತು. ತಮ್ಮ ಕನಿಕರಪಟ್ಟು, ಅವನಿಗೊಬ್ಬ ಒಳ್ಳೆಯ ಡಾಕ್ಟರ ವಿಳಾಸವನ್ನೂ ಕೊಟ್ಟಿದ್ದ.

* * *

ಆಕೆ ಗಂಡನ ಫೋನು ಕೈಗೆತ್ತಿಕೊಂಡಳು. ಕೊಕ್ಕರೆಗೆ ಆಕೆ ತಾನಾಗಿ ಎಂದೂ ಫೋನು ಮಾಡಿದವಳಲ್ಲ. ರಿಂಗ್ ಹೋಯಿತು. ಆಕೆ ಕಟ್ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಆ ಕಡೆ ತೆಗೆದ ಸದ್ದಾಯಿತು, ಗೂಡಿನ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕುವುದಷ್ಟೇ ಕೇಳಿಸಿತು. ಸತ್ತವನ ನಂಬರು ಕಂಡು ಆತ ಬೆವರಿರಬೇಕು.

"ನಾನು ಕಣಪ್ಪ, ನಿನ್ನ ಅತ್ತಿಗೆ. ಬಕೆಟ್ ಇಳಿಸಿ ನೀನೂ ಇಳಿದು ಬಾ. ಹೊಟ್ಟೆನೋವು ಅನ್ಬೇಡ. ನಾನು ಕರೆದೆ ಅನ್ನು."

ತಮ್ಮನ ಮುಖ ಕೆಂಪಾಯಿತು. ಅಷ್ಟು ದಿನದ ಹೊಟ್ಟೆನೋವಿನ ಗುಟ್ಟು ಅವನಿಗೆ ಆಗ ಹೊಳೆದಿರಬೇಕು. ಕಾಂಕ್ರೀಟು ಅರ್ಧಕ್ಕೆ ನಿಂತರೆ ಏನಾಗುತ್ತದೆ ಗೊತ್ತೇ ಎಂದು ಕೇಳಿದ.

"ಗಟ್ಟಿಯಾಗುತ್ತೆ. ಒಡೆದು ಮತ್ತೆ ಹಾಕು."

"ಭಾವನ ಹುಚ್ಚು ನಿನಗೂ ಹತ್ತಿತು. ಇವತ್ತೂ ಏನೂ ಆಗ್ತಿರಲಿಲ್ಲ ಅಕ್ಕ."

"ಆಗದೇ ಇರಲಿ ಅಂತಾನೇ ಕರೆದಿದ್ದು."

ತಮ್ಮ, ಹಾಗಿದ್ದರೆ ಮುಂದಿನದನ್ನೂ ನೀನೇ ನೋಡಿಕೋ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹೊರಗೆ ಹೋಗಿ ನಿಂತ. ಚಿಕ್ಕಮ್ಮ ಆಕೆಯ ತೋಳು ಹಿಡಿದು, ಇರುವವನೊಬ್ಬ ತಮ್ಮ, ಹೋಗಿ ಸಮಾಧಾನ ಮಾಡು, ನಾಳೆ ನಿನಗೆ ಯಾರಿದ್ದಾರೆ ಎಂದು ಅಂಗಲಾಚಿದಳು. ಹಿಂದೆ ತಾನೂ ಗಂಡನಿಗೆ ಹೀಗೆಯೇ ಅಂಗಲಾಚಿದ್ದು ಆಕೆಗೆ ನೆನಪಾಯಿತು. ಆಕೆ ತೋಳು ಬಿಡಿಸಿಕೊಂಡು ಹೋಗಿ ಪೆಟ್ಟಿಗೆಯನ್ನು ಅದರ ಮೊಳೆಗೆ ತೂಗುಹಾಕಿದಳು. ವಾರೆಯಾಗಿತ್ತು, ಸರಿಮಾಡಿದಳು.

ಕೊಕ್ಕರೆ ಬಂದಾಗ ಅವನ ಹಿಂದೆ ಕಾಂಕ್ರೀಟಿನವರೂ ಬಂದರು. ಕ್ರೇನು ನಿಂತ ಮೇಲೆ ಅವರಿಗೆ ಅಲ್ಲಿ ಕೆಲಸವಿರಲಿಲ್ಲ. ಬೂಟಿಗೆ ಸಿಮೆಂಟು ಮೆತ್ತಿಕೊಂಡಿದ್ದವರು, ಗೇಟಿನ ಬಳಿ ನಿಂತಿದ್ದ ತಮ್ಮನನ್ನು ದಾಟುವಾಗ ತಲೆ ತಗ್ಗಿಸಿದರೂ ಯಾರೂ ನಿಲ್ಲಲಿಲ್ಲ. ಕೊಕ್ಕರೆ ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ದೇಹದ ಪಕ್ಕ ಕುಕ್ಕರಿಸಿದ.

"ಅಣ್ಣ, ಇಳಿದು ಬಂದೆ," ಎಂದ.

ಗಾಡಿ ಓಣಿಯೊಳಗೆ ಬರುವಂತಿರಲಿಲ್ಲ. ದೊಡ್ಡ ರಸ್ತೆಯವರೆಗೆ ಹೊತ್ತೇ ಒಯ್ಯಬೇಕು. ಹಿಂದೆ ಇಬ್ಬರು ಕಾಂಕ್ರೀಟಿನವರು, ಮುಂದೆ ಬಲಕ್ಕೆ ಕೊಕ್ಕರೆ. ಮುಂದಿನ ಎಡಗಡೆ ತಮ್ಮನ ಜಾಗ. ಎಲ್ಲರೂ ಗೇಟಿನತ್ತ ನೋಡಿದರು. ತಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಬೆನ್ನು ತಿರುಗಿಸಿ ನಿಂತಿದ್ದ. ಅವನಿರುವಾಗ ಆ ಜಾಗಕ್ಕೆ ಹೆಗಲು ಕೊಡಲು ಬೇರೆ ಯಾರಿಗೂ ಧೈರ್ಯ ಬರಲಿಲ್ಲ.

ಆಕೆ ಹೋಗಿ ಅಲ್ಲಿ ನಿಂತಳು. ನಿನ್ನಿಂದಾಗುತ್ತದೇನೇ, ಬೇಡ ಎಂದು ಚಿಕ್ಕಮ್ಮ ಹಿಂದಿನಿಂದ ಅನ್ನುತ್ತಲೇ ಇದ್ದಳು.

"ಎತ್ತಿ," ಎಂದಳು ಆಕೆ.

ಎತ್ತಿದರು. ಎತ್ತಿದೊಡನೆ ಚಟ್ಟ ಅವಳ ಕಡೆಗೆ ವಾಲಿತು. ಆಕೆಯ ತಲೆ ಕೊಕ್ಕರೆಯ ಭುಜದವರೆಗೂ ಬರುತ್ತಿರಲಿಲ್ಲ. ಕೊಕ್ಕರೆ ಮಂಡಿ ಮಡಿಸಿದ. ಇನ್ನಷ್ಟು ಮಡಿಸಿದ. ಗೇಟು ದಾಟುವಾಗ ಗಾಳಿ ಬಿಳಿ ಹೊದಿಕೆಯ ಅಂಚನ್ನು ಹಿಡಿದೆಳೆಯಿತು. ಆಕೆ ಇನ್ನೊಂದು ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದು, ತಮ್ಮನ ಮುಂದೆಯೇ ಹೆಜ್ಜೆ ಹಾಕಿದಳು. ಪಕ್ಕದಲ್ಲಿ ಆ ಉದ್ದ ಮನುಷ್ಯ, ತೊಡೆ ನಡುಗುತ್ತಿದ್ದರೂ, ಓಣಿಯುದ್ದಕ್ಕೂ ಮಂಡಿ ಬಗ್ಗಿಸಿಕೊಂಡೇ ನಡೆದ. ಅವರಿಬ್ಬರ ನಡುವೆ ಗಂಡ ಅತ್ತಿತ್ತ ವಾಲದೆ, ಮಟ್ಟಸವಾಗಿ ಸಾಗುತ್ತಿದ್ದ.