ನಾಲ್ಕನೇ ಗನ್ನಿನ ಕಡೆಯ ಮಸಿ

"ಸಡಿಲ ಬಿಡ್ರಪ್ಪಾ, ನಿಧಾನ," ಎಂದ ಗುಂಡಿ ತೋಡಿದವ. ಹಗ್ಗ ಹಿಡಿದವರಲ್ಲಿ ಎಪ್ಪತ್ತು ದಾಟಿದವನು ಗ್ಲೇಬ್ ಒಬ್ಬನೇ. ಶವಪೆಟ್ಟಿಗೆ ತಳ ಮುಟ್ಟಿತು. ಸೈಬೀರಿಯಾದ ಟೋಮ್ಸ್ಕಿನ ಹೆಪ್ಪುಗಟ್ಟಿದ ಮಣ್ಣು ಹೆಂಟೆ ಹೆಂಟೆಯಾಗಿ ಫೈನಾಳ ಮೇಲೆ ಬಿತ್ತು.

ಅವಳ ತಂಗಿ ರಿಮ್ಮಾ ಬಂದು ಅವನ ತೋಳು ಹಿಡಿದಳು. "ಊಟಕ್ಕೆ ಬನ್ನಿ, ಗ್ಲೇಬ್ ಸವೆಲಿಚ್. ನೀವೇ ನಾಲ್ಕು ಮಾತಾಡ್ಬೇಕು. ಮೂವತ್ತು ವರ್ಷ ನಿಮ್ಮ ಲ್ಯಾಬಲ್ಲಿದ್ಲು. ಏನೇ ಮಾಡ್ತೀಯಾ ಅಂದ್ರೆ 'ಮಸಿ ಒರೆಸ್ತೀನಿ' ಅಂತಿದ್ಲು, ಅಷ್ಟೇ."

ಮನೆಗೆ ಹೋಗಿ ಬಿದ್ದುಕೊಂಡರೆ ಸಾಕೆನ್ನಿಸಿತ್ತು ಅವನಿಗೆ. ಆದರೂ ಬಸ್ಸು ಹತ್ತಿದ.

*

ಬಹಳ ವರ್ಷಗಳ ಹಿಂದೆ, ಆ ಲ್ಯಾಬಿನ ಯಂತ್ರದಲ್ಲಿ, ಡಯೋಡಿನ ಎರಡು ಲೋಹಗಳ ನಡುವಿನ ಸಂದಿಗೆ ಆರು ಗನ್ನುಗಳು ಪ್ಲಾಸ್ಮಾ, ಅಂದರೆ ಕರೆಂಟು ಹರಿಸುವ ಕಾದ ಅನಿಲ, ತುಂಬುತ್ತಿದ್ದವು. ತುಂಬಿರುವಷ್ಟು ಹೊತ್ತು ಕರೆಂಟು ಸಲೀಸಾಗಿ ಹರಿಯುತ್ತದೆ, ವೋಲ್ಟೇಜು ಏಳುವುದಿಲ್ಲ. ಪ್ಲಾಸ್ಮಾ ಸವೆದು ಸಂದಿ ತೆರೆದುಕೊಂಡೊಡನೆ ವೋಲ್ಟೇಜು ಛಂಗನೆ ಜಿಗಿಯಬೇಕು. ಒಂದು ಚಳಿಗಾಲ ಮಾತ್ರ ಅದು ಒಮ್ಮೆ ಜಿಗಿದಂತೆ ಇನ್ನೊಮ್ಮೆ ಜಿಗಿಯಲಿಲ್ಲ.

ಪ್ರತಿ ಪ್ರಯೋಗದ ನಂತರ ಗನ್ನುಗಳು ಒಳಗೆ ಉಗುಳಿದ ಮಸಿ ಒರೆಸುವವಳು ಫೈನಾ.

"ನಾಲ್ಕನೇ ಗನ್ನಿನ ಕಡೆ ಯಾವಾಗ್ಲೂ ಮಸಿ ಕಮ್ಮಿ," ಎಂದಳು ಒಂದು ದಿನ. "ಅದು ತಡವಾಗಿ ಸಿಡೀತಿದೆ. ಆ ಕಡೆ ಸರಿಯಾಗಿ ತುಂಬ್ತಿಲ್ಲ."

"ಒರೆಸೋದು ನಿಮ್ಮ ಕೆಲಸ, ಯೋಚನೆ ಮಾಡೋದು ನಂದು," ಎಂದ ಗ್ಲೇಬ್.

ಮೇಲಿನವರು ಕಾರಣ ಕೇಳಿದಾಗ ಗ್ಲೇಬ್ 'ಶುಚಿ ಮಾಡುವುದರಲ್ಲಿ ಅಲಕ್ಷ್ಯ' ಎಂದು ಬರೆದುಕೊಟ್ಟ. ಛೀಮಾರಿಯೊಂದಿಗೆ ಫೈನಾಳ ಹೆಸರು ನೋಟಿಸ್ ಬೋರ್ಡು ಹತ್ತಿತು. ವಸಂತದಲ್ಲಿ, ಯಾರೂ ಇಲ್ಲದಾಗ, ಅವನೇ ನಾಲ್ಕನೇ ಗನ್ನಿನ ಕೇಬಲ್ಲು ಬದಲಿಸಿದ. ಅಂದಿನಿಂದ ಪ್ರಯೋಗಗಳು ಒಂದರಂತೆ ಒಂದು ಬಂದವು. ಆಮೇಲೆ ಅಚ್ಚಾದ ಲೇಖನದಲ್ಲಿ ನಾಲ್ವರ ಹೆಸರಿತ್ತು, ಅವಳದಿರಲಿಲ್ಲ. ಅವಳು ಕೇಳಲೂ ಇಲ್ಲ.

*

ಫೈನಾಳ ಮನೆಯ ಮೇಜಿನ ಮೇಲೆ ಸಾವಿನ ಊಟದ ದೋಸೆ, ಜೇನು ಬೆರೆಸಿದ ಗೋಧಿ, ವೋಡ್ಕಾ. ಗ್ಲೇಬ್ ಎದ್ದು ನಿಂತ. 'ಶ್ರದ್ಧೆಯ ಕೆಲಸಗಾರ್ತಿ' ಎಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತನ್ನು ಕೈಬಿಟ್ಟ.

"ಆ ನೋಟಿಸು ಸುಳ್ಳು," ಎಂದ. "ತಪ್ಪು ಎಲ್ಲಿದೆ ಅಂತ ಕಂಡುಹಿಡಿದದ್ದೇ ಅವಳು. ನಾನು ಅವಳ ತಲೆಗೇ ಕಟ್ಟಿದೆ."



"ನಾನೂ ಅವಳಿಗೆ ಬೈದಿದ್ದೆ," ಎಂದಳು ರಿಮ್ಮಾ. "ಮಾನ ಕಳೆದ್ಯಲ್ಲೇ ಅಂತ. ಸುಮ್ನೆ ಕೇಳಿಸ್ಕೊಂಡ್ಲು." ಅವನ ತಟ್ಟೆಗೆ ಒಂದು ದೋಸೆ ಹಾಕಿದಳು. "ತಿನ್ನಿ. ಆರಿಹೋಗುತ್ತೆ."

ಅವನು ಕೂತ. ತಿನ್ನಲಿಲ್ಲ, ಮತ್ತೆ ಏಳಲೂ ಇಲ್ಲ. ಬಂದವರು ಒಬ್ಬೊಬ್ಬರಾಗಿ ಕೋಟು ತೊಟ್ಟು ಹೊರಟರು, ಅವರನ್ನು ಕಳಿಸಲು ರಿಮ್ಮಾಳೂ ಕೋಟು ತೊಟ್ಟು ಹೋದಳು. ಬಾಗಿಲ ಬಳಿಯ ಗೂಟಗಳಲ್ಲಿ ಕೊನೆಗೆ ಉಳಿದದ್ದು ಎರಡು: ಗ್ಲೇಬನ ಕೋಟು, ಅದಕ್ಕೆ ಒತ್ತಿಕೊಂಡು ಫೈನಾಳದು.