ಕೇಳುವ ಮುಖ

"ಅವರೂ ಬರಲ್ವಂತೆ ಸಾರ್," ಎಂದಳು ಸಹಾಯಕಿ, ಫೋನನ್ನು ಎದೆಗೆ ಒತ್ತಿ ಹಿಡಿದು.

ಅವನು ಆಗ ಗಾಜಿನ ಮುಂದೆ ನಿಂತಿದ್ದ. ತಲೆಯನ್ನು ಒಂದಿಷ್ಟು ಬಲಕ್ಕೆ ವಾಲಿಸಿ, ಹುಬ್ಬು ಸಡಿಲಬಿಟ್ಟು, ತುಟಿಯ ಮೇಲೆ ನಗುವೂ ಅಲ್ಲದ ಬಿಗುವೂ ಅಲ್ಲದ ಏನನ್ನೋ ತಂದುಕೊಳ್ಳುತ್ತಿದ್ದ. ಅದು ಅವನ ಕೇಳುವ ಮುಖ. ಇಷ್ಟು ವರ್ಷದ ಕೆಲಸದಲ್ಲಿ ಸಂಪಾದಿಸಿದ್ದು ಏನಾದರೂ ಇದ್ದರೆ ಅದೊಂದೇ ಎಂದು ಅವನಿಗೆ ಒಮ್ಮೊಮ್ಮೆ ಅನ್ನಿಸುವುದಿತ್ತು.

"ಯಾಕಂತೆ?"

"ಹುಡುಗನ ತಾಯಿ ಒಪ್ಕೊಂಡಿದ್ರು. ತಂದೆ ಬೇಡ ಅಂತಿದಾರೆ. ನಮ್ಮನೆ ಜಗಳ ಜನ ಕೂತು ನೋಡೋಕೆ ನಾವೇನು ಸರ್ಕಸ್ ಕಂಪನಿಯವರಾ ಅಂದ್ರು."

ನ್ಯಾಯವಾದ ಮಾತು. ಆದರೆ ನ್ಯಾಯದ ಮಾತನ್ನು ಕಿವಿಗೆ ಹಾಕಿಕೊಳ್ಳುವಷ್ಟು ಪುರುಸೊತ್ತು ಇವತ್ತು ಕೇಂದ್ರದಲ್ಲಿ ಯಾರಿಗೂ ಇರಲಿಲ್ಲ.

ಸುತ್ತಲಿನ ವಸತಿ ಕಟ್ಟಡಗಳ ಹುಡುಗ ಹುಡುಗಿಯರಿಗೆ, ಅವರ ತಂದೆತಾಯಿಗಳಿಗೆ ಒಳ್ಳೆಯದಾಗಲಿ ಎಂದು ತೆರೆದ ಸಲಹಾ ಕೇಂದ್ರ ಅದು. ಹಿಂದೆ ಅಲ್ಲಿ ಪೀಠೋಪಕರಣಗಳ ಅಂಗಡಿಯಿತ್ತು. ಮಳೆ ಬಂದರೆ ಈಗಲೂ ವಾರ್ನಿಷ್ ವಾಸನೆ ಏಳುತ್ತಿತ್ತು. ಅಕ್ಕಪಕ್ಕ ಎರಡು ಕೋಣೆ, ನಡುವೆ ದೊಡ್ಡ ಗಾಜು. ಬೆಳಕಿರುವ ಕೋಣೆಯಲ್ಲಿ ಕೂತವರಿಗೆ ಅದು ಕನ್ನಡಿ. ಕತ್ತಲೆಯ ಕೋಣೆಯಲ್ಲಿ ಕೂತವರಿಗೆ ಕಿಟಕಿ. ಮನೆಯವರು ಬೆಳಕಿನಲ್ಲಿ ಕೂತು ಮಾತಾಡುತ್ತಾರೆ, ಅವರ ಒಪ್ಪಿಗೆ ಪಡೆದು ಕಲಿಯುವವರು ಕತ್ತಲಲ್ಲಿ ಕೂತು ನೋಡುತ್ತಾರೆ. ಇವತ್ತು ನೋಡಲು ಬರುವವರು ಕೇಂದ್ರವನ್ನು ಸಾಕುವ ಸಮಿತಿಯವರು. ಒಡೆದ ಮನೆ ಕೂಡಿಕೊಳ್ಳುವುದನ್ನು ಅವರು ಕಣ್ಣಾರೆ ಕಾಣಬೇಕು. ಕಂಡರೆ ಮುಂದಿನ ವರ್ಷವೂ ಕೇಂದ್ರದ ಬಾಗಿಲು ತೆರೆದಿರುತ್ತದೆ.

ಮುಖ್ಯಸ್ಥೆ ಬಂದವಳೇ ಕುರ್ಚಿಗಳನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. "ಒಂದು ಸಂಸಾರ ಸಿಗಲ್ವಾ ಇಷ್ಟು ದೊಡ್ಡ ಊರಲ್ಲಿ? ನಿಮ್ಮ ಮನೆಯವರನ್ನೇ ಕರೀರಿ. ಹೆಂಡತಿ ಇದಾರೆ, ಮಗಳಿದಾಳೆ, ನೀವಿದೀರಿ. ಅಪ್ಪ ಆಗಿ ಕೂರೋದು ನಿಮಗೇನು ಕಷ್ಟ?"

ಅವನೂ ನಕ್ಕ. ನಗುವಂಥ ಮಾತೇ ಆಗಿತ್ತು.

ಮಗಳು ಅವನಿಗೆ ಮುಖ ಕೊಟ್ಟು ಮಾತಾಡದೆ ತಿಂಗಳುಗಳಾಗಿದ್ದವು. ಜಗಳವಾಡಿ ಮಾತು ಬಿಟ್ಟಿದ್ದರೆ ಅದೊಂದು ರೀತಿ. ಜಗಳವೇ ಆಗಿರಲಿಲ್ಲ. ನಲ್ಲಿಯಲ್ಲಿ ನೀರು ನಿಂತ ಹಾಗೆ ಮಾತು ನಿಂತಿತ್ತು. ಏನಾದರೂ ಹೇಳಬೇಕಿದ್ದರೆ ಅವನೆದುರಿಗೇ ತಾಯಿಗೆ ಹೇಳುತ್ತಿದ್ದಳು: "ಅಪ್ಪಂಗೆ ಹೇಳು, ಗೀಸರ್ ಆಫ್ ಮಾಡಿಲ್ಲ." ಊರವರ ಮಕ್ಕಳ ಬಾಯಿ ಬಿಡಿಸುವುದೇ ಅವನ ಉದ್ಯೋಗ. ಬೀದಿಯಲ್ಲಿ ಅವನನ್ನು ಸಲಹೆ ಸಾರ್ ಎಂದು ಕರೆಯುತ್ತಿದ್ದರು. ಈ ಮಾತು ಹೊರಗೆ ಬಿದ್ದರೆ ಜನ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾರೆಂದು ಅವನು ಯಾರಿಗೂ ಹೇಳಿರಲಿಲ್ಲ.

ಬರಲಾರಳು ಎಂದುಕೊಂಡೇ ಮನೆಗೆ ಫೋನ್ ಮಾಡಿದ.

"ಬರ್ತಾಳಂತೆ," ಎಂದಳು ಹೆಂಡತಿ.

"ಏನಂದ್ಲು?"

"ಬರ್ತೀನಿ ಅಂದ್ಲು. ಅಷ್ಟೇ ರೀ. ಜಾಸ್ತಿ ಕೇಳಿದ್ರೆ ಅದೂ ಇಲ್ಲ ಅಂದಾಳು."

ಅವನಿಗೆ ಸಂತೋಷವಾಯಿತು. ಸಂತೋಷವಾದದ್ದು ಮಗಳು ಬರುತ್ತಾಳೆಂದೋ ಕುರ್ಚಿಗಳು ತುಂಬುತ್ತವೆಂದೋ ಎಂದು ಅವನು ಕೆದಕಲು ಹೋಗಲಿಲ್ಲ.

ಅವರು ಬಂದಾಗ ಮುಖ್ಯಸ್ಥೆ ಮಗಳ ಭುಜದ ಮೇಲೆ ಕೈಯಿಟ್ಟು ಹೇಳಿಕೊಟ್ಟಳು. "ಸಣ್ಣದೇನಾದ್ರೂ ಹೇಳಮ್ಮ. ಮೊಬೈಲ್ ಕಿತ್ಕೋತಾರೆ, ಗೆಳತಿಯರ ಜೊತೆ ಕಳಿಸಲ್ಲ, ಇಂಥದ್ದು. ಕೊನೇಲಿ ಒಂಚೂರು ನಗು."

ಮಗಳು ತಲೆಯಾಡಿಸಿದಳು.

ಅತಿಥಿಗಳು ಕತ್ತಲೆಯ ಕೋಣೆ ಸೇರಿದರು. ಇದು ನಮ್ಮ ಸಾರ್ ಮನೆಯವರೇ ಅಭಿನಯಿಸಿ ತೋರಿಸುವುದು ಎಂದು ಹೇಳಿ, ಮುಖ್ಯಸ್ಥೆ ಅಲ್ಲಿನ ದೀಪ ಆರಿಸಿ, ಆ ಸ್ವಿಚ್ಚಿನ ಪಕ್ಕದಲ್ಲೇ ಇದ್ದ, ಈಚಿನ ಮಾತು ಆಚೆ ಕೇಳಿಸುವ ಸ್ಪೀಕರಿನ ಸ್ವಿಚ್ ಒತ್ತಿದಳು. ಈಚೆ ಅವರು ಮೂವರು ಕೂತರು. ಸಲಹೆಗಾರ್ತಿಯಾಗಿ ಎದುರಿಗೆ ಕೂತಿದ್ದು ಸಹಾಯಕಿ. ಅವಳ ಕೈಯಲ್ಲಿ ಸ್ಪಂಜಿನ ಹಳದಿ ಚೆಂಡಿತ್ತು.

"ಚೆಂಡು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡ್ಬೇಕು. ಕೇಳಿದವರು ಮೊದಲು, ಕೇಳಿದ್ದೇನು ಅಂತ ತಮ್ಮ ಮಾತಲ್ಲಿ ಹೇಳ್ಬೇಕು. ಉತ್ತರ ಆಮೇಲೆ."

ಅವನದೇ ವಾಕ್ಯಗಳು. ನಡುವೆ ಉಸಿರು ತೆಗೆದುಕೊಳ್ಳುವ ಜಾಗ ಕೂಡ ಅವನದೇ. ಎದುರು ಕೂತು ಕೇಳಿದಾಗ ಅವು ಎಷ್ಟು ಪೊಳ್ಳಾಗಿವೆ ಎಂದು ಮೊದಲ ಸಲ ಗೊತ್ತಾಯಿತು.

ಮಗಳು ಚೆಂಡನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು.

"ನಾನು ಒಂದು ಸಲ ಇಲ್ಲಿಗೆ ಬಂದಿದ್ದೆ," ಎಂದಳು.

ಹೆಂಡತಿ ತಟ್ಟನೆ ಅವಳತ್ತ ತಿರುಗಿದಳು.

"ಒಬ್ಬಳೇ ಬಂದಿದ್ದೆ. ಹೊರಗಡೆ ಬೆಂಚಲ್ಲಿ ಕೂತಿದ್ದೆ. ಯಾರಾದ್ರೂ ಗುರುತು ಹಿಡೀತಾರೆ ಅಂತ ಮುಖಕ್ಕೆ ಸ್ಕಾರ್ಫ್ ಕಟ್ಕೊಂಡಿದ್ದೆ. ಮನೇಲಿ ಹೇಳೋಕೆ ಆಗ್ತಿರಲಿಲ್ಲ. ಇಲ್ಲಿ ನೀವು ಎಲ್ಲರ ಮಾತೂ ಕೇಳ್ತೀರಂತಲ್ಲ. ಇಲ್ಲಿಗೇ ಬಂದ್ರೆ ನನ್ನದೂ ಕೇಳಬಹುದು ಅನ್ಕೊಂಡೆ."

ಮನೆಯಲ್ಲಿ ಎಂದೂ ಅವಳು ಅವನನ್ನು ನೀವು ಎಂದವಳಲ್ಲ.

"ನೀವು ಹೊರಗೆ ಬಂದ್ರಿ. ಗಡಿಯಾರ ನೋಡಿದ್ರಿ. ಇವತ್ತಿಗೆ ಮುಗೀತಮ್ಮ, ನಾಳೆ ಬಾ ಅಂದ್ರಿ. ತುಂಬಾ ಚೆನ್ನಾಗಿ ಅಂದ್ರಿ. ಅಷ್ಟು ಚೆನ್ನಾಗಿ ನನ್ನ ಹತ್ರ ಯಾವತ್ತೂ ಮಾತಾಡಿರಲಿಲ್ಲ."

ಅವನಿಗೆ ಆ ಸಂಜೆ ನೆನಪಿತ್ತು. ಬೆಂಚಿನ ತುದಿಯಲ್ಲಿ ಮುಖ ಮುಚ್ಚಿಕೊಂಡ ಹುಡುಗಿ. ಎಷ್ಟು ನಯವಾಗಿ ಕಳಿಸಿಕೊಟ್ಟೆ ಎಂದು ದಾರಿಯುದ್ದಕ್ಕೂ ತನ್ನ ಬೆನ್ನು ತಾನೇ ತಟ್ಟಿಕೊಂಡದ್ದೂ ನೆನಪಿತ್ತು. ಅದೇ ದಿನ ಮಗಳು ಊಟ ಬಿಟ್ಟು ಎದ್ದಾಗ "ಇದೇನಿದು ಹೊಸ ನಾಟಕ?" ಎಂದು ಗದರಿದ್ದ. ಎರಡನ್ನೂ ಕೂಡಿಸಿ ನೋಡುವ ಪ್ರಮೇಯ ಈವರೆಗೆ ಬಂದಿರಲಿಲ್ಲ.

ಚೆಂಡು ಅವನ ಮಡಿಲಿಗೆ ಬಂದು ಬಿತ್ತು.

"ನೀನು ಇಲ್ಲಿಗೆ ಬಂದಿದ್ದೆ," ಎಂದ. ಧ್ವನಿ ತಾನಾಗಿ ಮೃದುವಾಯಿತು. "ನಾನು ನಿನ್ನ ಗುರುತು ಹಿಡೀಲಿಲ್ಲ. ಅದರಿಂದ ನಿನಗೆ ನೋವಾಗಿದೆ."

"ನೋವಾಗಿದೆ ಅಂತ ನಾನು ಹೇಳಲಿಲ್ಲ."

ಇನ್ನು ಕೇಳಬೇಕಾದದ್ದು ಒಂದೇ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರಿಗೂ ಗೊತ್ತಿರುವಂಥದ್ದು: ಏನು ಹೇಳೋಕೆ ಬಂದಿದ್ದೆ? ಮಗಳು ಕಾಯುತ್ತಿದ್ದಳು. ಅವಳ ಹೆಬ್ಬೆರಳಿನ ಉಗುರು ಮಾಂಸ ಕಾಣುವಷ್ಟು ಕಚ್ಚಿ ಸವೆದುಹೋಗಿತ್ತು. ಅದನ್ನೂ ಅವನು ಈಗಲೇ ನೋಡಿದ್ದು.

ಅವನಿಗೆ ಹೆದರಿಕೆಯಾಯಿತು. ಗಾಜಿನ ಹಿಂದೆ ಜನರಿದ್ದಾರೆ ಎಂದು ಹೆದರಿಕೆ. ಜನರಿಲ್ಲದಿದ್ದರೂ ಕೇಳುತ್ತಿರಲಿಲ್ಲವೇನೋ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆ. ಚೆಂಡನ್ನು ಹಿಚುಕಿದ. ಅದು ಮುದುಡಿ, ಮತ್ತೆ ಮೊದಲಿನಂತಾಯಿತು.

"ಇದನ್ನ ನಮ್ಮ ಜೊತೆ ಹಂಚಿಕೊಂಡಿದ್ದಕ್ಕೆ ಥ್ಯಾಂಕ್ಸ್," ಎಂದ.

ಗಾಜಿನ ಆಚೆಯಿಂದ ಮೆಲ್ಲಗೆ ಬಡಿದ ಸದ್ದಾಯಿತು. ಸಮಯ ಮುಗಿದಿತ್ತು.

ಅತಿಥಿಗಳು ಚಪ್ಪಾಳೆ ತಟ್ಟುತ್ತಲೇ ಒಳಗೆ ಬಂದರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ಅವನ ಕೈ ಹಿಡಿದುಕೊಂಡರು. "ನಿಜ ಅಂತಾನೇ ಅನ್ನಿಸಿಬಿಡ್ತು ನೋಡಿ. ಆ ಸ್ಕಾರ್ಫಿನ ವಿಷಯ ಇದೆಯಲ್ಲ, ನೀವೇ ಹೇಳಿಕೊಟ್ಟಿದ್ದಾ?"

ಎಲ್ಲರೂ ಅವನತ್ತ ನೋಡಿದರು. ಮಗಳೂ ನೋಡಿದಳು, ಎಷ್ಟೋ ತಿಂಗಳ ಮೇಲೆ, ನೇರವಾಗಿ. ಇಲ್ಲ ಎಂಬ ಒಂದು ಮಾತು ಸಾಕಿತ್ತು.

"ಹೌದು," ಎಂದ. "ಮನೇಲಿ ಸ್ವಲ್ಪ ಅಭ್ಯಾಸ ಮಾಡಿದ್ವಿ."

"ಹೌದು," ಎಂದಳು ಮಗಳು. "ಅಪ್ಪ ಚೆನ್ನಾಗಿ ಹೇಳಿಕೊಟ್ರು." ಹೇಳಿಕೊಟ್ಟಿದ್ದಂತೆಯೇ ಕೊನೆಯಲ್ಲಿ ಒಂಚೂರು ನಕ್ಕಳು.

ಚಹಾ ಆಯಿತು. ಸಮಿತಿಯವರು ಮುಂದಿನ ವರ್ಷದ ಮಾತಾಡಿದರು. ಮುಖ್ಯಸ್ಥೆ ದೂರದಿಂದಲೇ ಅವನಿಗೆ ಹೆಬ್ಬೆರಳೆತ್ತಿ ತೋರಿಸಿದಳು. ಅವನು ಬಿಸ್ಕತ್ತು ಹಿಡಿದುಕೊಂಡು ಕಾರಿಡಾರಿಗೆ ಬಂದ. ಹೆಂಡತಿ ಗೋಡೆಗೊರಗಿ ನಿಂತಿದ್ದಳು.

"ಅವಳು ಹೇಳಿದ್ದು ನಿಜಾನಾ ರೀ?"

"ಆಮೇಲೆ ಮಾತಾಡೋಣ."

"ಆಮೇಲೆ ಅಂದ್ರೆ ಯಾವಾಗ?"

"ಎಲ್ಲಿ ಅವಳು?"

"ಬ್ಯಾಗ್ ಬಿಟ್ಟು ಬಂದೆ ಅಂತ ಒಳಗೆ ಹೋದ್ಲು."

ಬೆಳಕಿನ ಕೋಣೆಯ ಬಾಗಿಲಿಗೆ ಕೈ ಚಾಚಿದ. ಕೈ ಅಲ್ಲೇ ಉಳಿಯಿತು. ಕಾಲು ಅವನನ್ನು ಪಕ್ಕದ ಬಾಗಿಲಿಗೆ ಕರೆದೊಯ್ದಿತು.

ಕತ್ತಲೆಯ ಕೋಣೆಯಲ್ಲಿ ಅತಿಥಿಗಳ ಕುರ್ಚಿಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಗಾಜಿನ ಆಚೆ ಮಗಳು ತನ್ನ ಕುರ್ಚಿಯಲ್ಲೇ ಕೂತಿದ್ದಳು, ಬ್ಯಾಗು ಹೆಗಲಿಗೇರಿಸಿಕೊಂಡು. ಅವನು ಕೂತಿದ್ದ ಕುರ್ಚಿಯ ಮೇಲೆ ಹಳದಿ ಚೆಂಡನ್ನು ಇಟ್ಟಿದ್ದಳು. ಅದರ ಕಡೆ ಬಗ್ಗಿ ಮಾತಾಡುತ್ತಿದ್ದಳು. ತುಟಿ ಬಿಡುವಿಲ್ಲದೆ ಅಲುಗುತ್ತಿತ್ತು. ಸ್ಪೀಕರ್ ಆರಿಸಿದ್ದರು, ಒಂದೂ ಕೇಳಿಸುತ್ತಿರಲಿಲ್ಲ.

ಅವಳಿದ್ದ ಕೋಣೆಯ ಬಾಗಿಲಿಗೆ ನಾಲ್ಕೇ ಹೆಜ್ಜೆ. ಅವನು ಹೋಗಲಿಲ್ಲ. ಇಲ್ಲಿಂದ ಅವಳು ಎಷ್ಟು ಚೆನ್ನಾಗಿ ಕಾಣುತ್ತಿದ್ದಳು! ಕೇಳಿಸಿದರೆ ಸಾಕು ಎಂದುಕೊಂಡ. ಗೋಡೆ ತಡವಿ, ಸ್ಪೀಕರಿನದೆಂದು ಸಿಕ್ಕ ಸ್ವಿಚ್ಚನ್ನು ಒತ್ತಿದ.

ದೀಪ ಹೊತ್ತಿಕೊಂಡಿತು. ಈಗ ಆಚೆಯಿಂದಲೂ ಅವನು ಕಾಣುತ್ತಿದ್ದ.

ಗಾಜಿನಲ್ಲಿ ಅವನ ಮುಖ ಎದ್ದು ನಿಂತಿತು. ಗಾಬರಿಯಿಂದ ಸ್ವಿಚ್ಚಿಗಾಗಿ ಮತ್ತೆ ತಡಕಾಡಿದ, ಸಿಗಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಆ ಮುಖದ ಹಿಂದೆ ಮಸುಕಾಗಿ ಕಂಡದ್ದು ಅವರಿಬ್ಬರ ಕುರ್ಚಿ. ಒಂದರ ಮೇಲೆ ಚೆಂಡು. ಇನ್ನೊಂದು ಖಾಲಿ. ಆ ಕೋಣೆಯ ಬಾಗಿಲು ಇನ್ನೂ ಅಲ್ಲಾಡುತ್ತಿತ್ತು.

ಮುಂದೆ ಅವನ ಮುಖ. ತಲೆ ಒಂದಿಷ್ಟು ಬಲಕ್ಕೆ ವಾಲಿತ್ತು. ಹುಬ್ಬು ಸಡಿಲವಾಗಿತ್ತು. ಅವನು ಕರೆಯದೆಯೇ ಬಂದು ಕೂತಿದ್ದ ಆ ಮುಖ, ಕೇಳುತ್ತಲೇ ಇತ್ತು.